ಪ್ಲಗ್ ಆಮೇಲೆ, ಮೊದಲು ನೆಕ್ ನೋಡಿ

ಪ್ರಶ್ನೆ: ಮಗಳು ಬಿ.ಕಾಂ. ಮೊದಲ ವರ್ಷದಲ್ಲಿದ್ದಾಳೆ. ಭಾವಗೀತೆ, ಸಿನಿಮಾ ಹಾಡು ಚೆನ್ನಾಗಿ ಹಾಡುತ್ತಾಳೆ. ಗೆಳತಿಯ ಗಿಟಾರ್ ಹಿಡಿದು ನಾಲ್ಕೈದು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಕಲಿತಿದ್ದಾಳೆ. ಕಾಲೇಜಿನ ವೇದಿಕೆಯಲ್ಲಿ ನುಡಿಸಬೇಕು, ಅದಕ್ಕೆ ಮೈಕ್‌ಸೆಟ್‌ಗೆ ಜೋಡಿಸುವಂಥ ಗಿಟಾರೇ ಆಗಬೇಕು ಎಂದು ಹಟ. ಇಲ್ಲಿಯ ಅಂಗಡಿಯಲ್ಲಿ 6,500 ರೂಪಾಯಿಯದೊಂದು ತೋರಿಸಿದರು. ಹೊಳೆಯುವ ನೀಲಿ ಬಣ್ಣ, ಪಕ್ಕದಲ್ಲಿ ಐದು ಗುಂಡಿ, ಟ್ಯೂನರ್ ಕೂಡ ಇದೆ. ಆನ್‌ಲೈನ್‌ನಲ್ಲಿ ಬ್ಯಾಗು, ಬೆಲ್ಟು ಎಲ್ಲ ಸೇರಿ ಅದಕ್ಕೂ ಕಡಿಮೆ. ಗಿಟಾರ್ ಮೇಷ್ಟ್ರು ‘ಸಾಲಿಡ್ ಟಾಪ್ ಅಲ್ಲದಿದ್ದರೆ ಮುಟ್ಟಬೇಡಿ’ ಎನ್ನುತ್ತಾರೆ. ಅದರ ಬೆಲೆ ಕೇಳಿ ಸುಮ್ಮನಾದೆ. ನಾನು ಕೂಡಿಟ್ಟಿರುವುದು ಹದಿನಾಲ್ಕು ಸಾವಿರ. ಏನು ಮಾಡಲಿ?
— ಒಬ್ಬ ತಾಯಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಮೇಷ್ಟ್ರ ಮಾತು ಮನೆಯಲ್ಲಿ ಕುಳಿತು ನುಡಿಸುವವರಿಗೆ ನಿಜ. ನಿಮ್ಮ ಮಗಳ ವಿಷಯದಲ್ಲಿ ಅದನ್ನು ಪಾಲಿಸಬೇಕಾದ ಅಗತ್ಯವಿಲ್ಲ.

ಗಿಟಾರಿನ ಮುಂಭಾಗದ ಹಲಗೆ ಎರಡು ಬಗೆಯದಿರುತ್ತದೆ. ನಿಜವಾದ ಮರವನ್ನು ತೆಳುವಾಗಿ ಸೀಳಿ ಕೂಡಿಸಿದ್ದು ಸಾಲಿಡ್ ಟಾಪ್. ಸಾಮಾನ್ಯವಾಗಿ ಸ್ಪ್ರೂಸ್ ಎಂಬ ಚಳಿನಾಡಿನ ಮರ. ಪದರಗಳನ್ನು ಅಂಟಿಸಿ ಒತ್ತಿದ್ದು ಲ್ಯಾಮಿನೇಟ್, ಒಂದರ್ಥದಲ್ಲಿ ಒಳ್ಳೆಯ ದರ್ಜೆಯ ಪ್ಲೈವುಡ್. ಸಾಲಿಡ್ ಹಲಗೆ ಸಲೀಸಾಗಿ ಕಂಪಿಸುತ್ತದೆ. ನಾದ ತುಂಬಿ ಬರುತ್ತದೆ, ವರ್ಷ ಕಳೆದಂತೆ ಇನ್ನಷ್ಟು ತೆರೆದುಕೊಳ್ಳುತ್ತದೆ ಎಂದು ನುಡಿಸುವವರು ಹೇಳುತ್ತಾರೆ. ಆದರೆ ಈ ಸೊಗಸೆಲ್ಲ ಕೇಳುವುದು ಗಿಟಾರಿನ ಎದುರು ಗಾಳಿಯಲ್ಲಿ. ಪ್ಲಗ್ ಚುಚ್ಚಿದ ಮೇಲೆ ಸ್ಪೀಕರಿಗೆ ಹೋಗುವುದು ಬೇರೆಯೇ ಧ್ವನಿ.

ಅದು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ಮರುಳು ಮಾಡಲಾರರು. ಎದುರಿನ ಹಲಗೆಗೆ ಅಂಟಿಸಿದ ಬ್ರಿಜ್ ಎಂಬ ತುಂಡಿನಲ್ಲಿ ತಂತಿಗಳು ಒಂದು ಬಿಳಿ ಪಟ್ಟಿಯ ಮೇಲೆ ಕೂರುತ್ತವೆ, ಅದು ಸ್ಯಾಡಲ್. ಅದರ ಅಡಿಯಲ್ಲಿ ಪೀಜೋ ಎಂಬ ತೆಳು ಪಟ್ಟಿಯನ್ನು ಇಟ್ಟಿರುತ್ತಾರೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರ್ ‘ಟಕ್’ ಎಂದು ಕಿಡಿ ಹಾರಿಸುವುದೂ ಅದೇ ತತ್ತ್ವದಿಂದ. ತಂತಿ ಅದುರಿದಾಗ ಸ್ಯಾಡಲ್ ಈ ಪಟ್ಟಿಯನ್ನು ಒತ್ತುತ್ತದೆ, ಹುಟ್ಟಿದ ಸಣ್ಣ ವಿದ್ಯುತ್ತನ್ನು ಪಕ್ಕದಲ್ಲಿರುವ ಪ್ರೀಆ್ಯಂಪ್ ಹಿಗ್ಗಿಸುತ್ತದೆ. ಅದಕ್ಕೆ ಸಾಮಾನ್ಯವಾಗಿ ಬೇಕಾದದ್ದು ಒಂದು 9 ವೋಲ್ಟ್ ಬ್ಯಾಟರಿ. ಇಲ್ಲಿ ಎದುರಿನ ಹಲಗೆಯ ಪಾತ್ರ ಬಹಳ ಕಡಿಮೆಯಾಗುತ್ತದೆ. ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಸಾಲಿಡ್ ಯಾವುದು, ಲ್ಯಾಮಿನೇಟ್ ಯಾವುದು ಎಂದು ಗುರುತು ಹಿಡಿಯುವುದು ಕಷ್ಟ. ಅಷ್ಟೇ ಅಲ್ಲ, ಲ್ಯಾಮಿನೇಟ್ ಹಲಗೆ ಬಿಗಿಯಾಗಿರುವುದರಿಂದ ಸ್ಪೀಕರ್ ಕೂಗಿಕೊಳ್ಳುವ ತೊಂದರೆಯೂ ತುಸು ಕಡಿಮೆ. ನಮ್ಮ ಕಡೆಯ ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಬಿರುಕು ಬಿಡುವ ಭಯವೂ ಕಡಿಮೆ. ಹೀಗಾಗಿ ವೇದಿಕೆಗೇ ಬೇಕು, ಹಣ ಇಷ್ಟೇ ಇದೆ ಎಂದಾದರೆ ಲ್ಯಾಮಿನೇಟ್ ಗಿಟಾರನ್ನು ಯಾವ ಸಂಕೋಚವೂ ಇಲ್ಲದೆ ಕೊಳ್ಳಿ.

ಹಾಗಾದರೆ ನೀಲಿ ಗಿಟಾರ್ ಏಕೆ ಬೇಡ? ಬೇಡವೆಂದು ನಾನು ಹೇಳುತ್ತಿಲ್ಲ, ಪರೀಕ್ಷಿಸದೆ ಬೇಡ ಎನ್ನುತ್ತೇನೆ. ಅಗ್ಗದ ಗಿಟಾರ್ ತಯಾರಿಸುವವರು ಉಳಿಸುವುದು ಗುಂಡಿಗಳಲ್ಲಿ ಅಲ್ಲ. ಗುಂಡಿ ಎದ್ದು ಕಾಣುತ್ತದೆ, ಮಾರಾಟಕ್ಕೆ ಅನುಕೂಲ. ಅವರು ಉಳಿಸುವುದು ಕಾಣದ ಕಡೆ: ನೆಕ್ ಎಂಬ ಉದ್ದನೆಯ ಕತ್ತನ್ನು ನೇರ ಮಾಡುವುದರಲ್ಲಿ, ಅದರ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳನ್ನು ಒಂದೇ ಮಟ್ಟಕ್ಕೆ ಉಜ್ಜುವುದರಲ್ಲಿ, ತಲೆಯ ಬಳಿ ತಂತಿಗಳನ್ನು ಹಿಡಿದಿಡುವ ನಟ್‌ನ ಗೀರುಗಳನ್ನು ಸರಿಯಾದ ಆಳಕ್ಕೆ ಕೊರೆಯುವುದರಲ್ಲಿ. ಬೆರಳು ನೋಯಿಸಿ, ಎರಡು ತಿಂಗಳಿಗೆ ಮಂಚದ ಕೆಳಗೆ ಸೇರುವ ಗಿಟಾರ್‌ಗಳಲ್ಲಿ ಹೆಚ್ಚಿನವು ಧ್ವನಿ ಕೆಟ್ಟದ್ದರಿಂದ ಹಾಗಾದವಲ್ಲ, ತಂತಿ ಎತ್ತರವಾಗಿದ್ದುದರಿಂದ ಹಾಗಾದವು.

ಆದ್ದರಿಂದ ಅಂಗಡಿಗೆ ಹೋಗುವಾಗ ಮಗಳ ಹಳೆಯ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲ್ ತೆಗೆದುಕೊಂಡು ಹೋಗಿ. ಮೊದಲು ತಂತಿಗಳನ್ನು ಸರಿಯಾದ ಶ್ರುತಿಗೆ ತರಲು ಹೇಳಿ. ಸಡಿಲ ತಂತಿಯಲ್ಲಿ ಅಳೆದದ್ದು ಸುಳ್ಳು ಲೆಕ್ಕ. ಹನ್ನೆರಡನೆಯ ಫ್ರೆಟ್‌ನ ಬಳಿ ಫ್ರೆಟ್‌ನ ಮೇಲ್ಮೈಯಿಂದ ದಪ್ಪ ತಂತಿಯ ತಳಕ್ಕೆ ಎಷ್ಟು ಅಂತರವಿದೆ ನೋಡಿ. ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಚೆನ್ನ. ಮೂರೂವರೆ ದಾಟಿದ್ದರೆ ಹೊಸಬರ ಬೆರಳಿಗೆ ಶಿಕ್ಷೆ. ನಂತರ ಅದೇ ತಂತಿಯನ್ನು ಒಂದನೆಯ ಮತ್ತು ಹದಿನಾಲ್ಕನೆಯ ಫ್ರೆಟ್‌ಗಳಲ್ಲಿ ಒಟ್ಟಿಗೆ ಒತ್ತಿ ಹಿಡಿದು, ಏಳನೆಯ ಫ್ರೆಟ್‌ನ ಮೇಲೆ ಒಂದು ದಪ್ಪ ಕಾಗದ ತೂರುವಷ್ಟು ಸಂದಿ ಇದೆಯೇ ನೋಡಿ. ಸಂದಿ ಬಹಳ ದೊಡ್ಡದಿದ್ದರೆ ನೆಕ್ ಬಾಗಿದೆ. ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇದ್ದರೆ ಅದನ್ನು ತಿರುಗಿಸಿ ಸರಿಪಡಿಸಬಹುದು. ಅದು ಇಲ್ಲದ ಗಿಟಾರನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ.

ಮಗಳು ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒಮ್ಮೆ ಮೀಟಬೇಕು. ಅಂಗಡಿಯವರ ಮುಖ ನೋಡಬೇಡಿ, ಐದು ನಿಮಿಷದ ಕೆಲಸ. ಎಲ್ಲಾದರೂ ಜುಯ್ ಎಂದು ಸದ್ದು ಬಂದರೆ ಆ ಜಾಗದ ಫ್ರೆಟ್ ಮಟ್ಟವಾಗಿಲ್ಲ ಎಂದರ್ಥ. ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿದ ಸ್ವರ, ತೆರೆದ ತಂತಿಯ ಸ್ವರಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಮೊಬೈಲಿನ ಉಚಿತ ಟ್ಯೂನರ್ ಆ್ಯಪ್ ಅದನ್ನು ತೋರಿಸುತ್ತದೆ. ಹಾಡುವವಳಾದ್ದರಿಂದ ನಿಮ್ಮ ಮಗಳ ಕಿವಿಯೇ ಅದಕ್ಕಿಂತ ಮೊದಲು ಹೇಳಿದರೂ ಆಶ್ಚರ್ಯವಿಲ್ಲ.

ಇಷ್ಟಾದ ಮೇಲೆ ಕೇಬಲ್ ಚುಚ್ಚಿಸಿ. ಎಲ್ಲ ಆರು ತಂತಿಗಳೂ ಒಂದೇ ಗಟ್ಟಿತನದಲ್ಲಿ ಕೇಳುತ್ತವೆಯೇ? ಒಂದೆರಡು ಕ್ಷೀಣವಾಗಿದ್ದರೆ ಸ್ಯಾಡಲ್ ಪೀಜೋ ಮೇಲೆ ಸರಿಯಾಗಿ ಕುಳಿತಿಲ್ಲ. ಗುಂಡಿ ತಿರುಗಿಸುವಾಗ ಕರಕರ ಸದ್ದು ಬರುತ್ತದೆಯೇ, ಕೇಬಲ್ ಅಲುಗಿಸಿದರೆ ಧ್ವನಿ ಕಡಿಯುತ್ತದೆಯೇ, ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿದರೆ ಸಾಕು. ಐದು ಗುಂಡಿಗೂ ಮೂರು ಗುಂಡಿಗೂ ನಿಮಗೆ ವ್ಯತ್ಯಾಸವಾಗದು. ವಾಲ್ಯೂಮ್, ಬೇಸ್, ಟ್ರೆಬಲ್ ಇದ್ದರೆ ಕಾಲೇಜು ವೇದಿಕೆಗೆ ಧಾರಾಳ.

ಹೆಸರು ಹೇಳಲೇಬೇಕೆಂದರೆ, ಯಮಹಾ ಎಫ್‌ಎಕ್ಸ್280 ಮತ್ತು ಕಾರ್ಟ್ ಎಡಿ810ಇ ಇವೆರಡನ್ನು ಮೊದಲು ಕೈಗೆತ್ತಿಕೊಂಡು ನೋಡಿ. ಬೆಲೆ ಅಂಗಡಿಯಿಂದ ಅಂಗಡಿಗೆ ಏರಿಳಿಯುತ್ತದೆ; ನಿಮ್ಮ ಹಣದ ಅಂಚಿನಲ್ಲೇ ಸಿಗಬಹುದು. ಈ ಅಕ್ಷರಗಳ ಗುಟ್ಟು ಗೊತ್ತಿದ್ದರೆ ಒಳ್ಳೆಯದು. ಯಮಹಾದಲ್ಲಿ ‘ಎಕ್ಸ್’ ಇದ್ದರೆ ಪಿಕಪ್ (ಪೀಜೋದಂತೆ ತಂತಿಯ ಅದುರನ್ನು ವಿದ್ಯುತ್ತಾಗಿಸುವ ಸಾಧನ) ಇದೆ, ಇಲ್ಲದ್ದು ಎಫ್280. ಕಾರ್ಟ್, ಫೆಂಡರ್‌ಗಳಲ್ಲಿ ಕೊನೆಯ ‘ಇ’ ಪಿಕಪ್‌ನ ಗುರುತು, ‘ಸಿ’ ಎಂದರೆ ಮೇಲಿನ ಫ್ರೆಟ್‌ಗಳಿಗೆ ಕೈ ಹೋಗಲು ಒಡಲನ್ನು ಒಂದು ಕಡೆ ಕತ್ತರಿಸಿದ್ದು. ಕಾರ್ಡ್ ಹಿಡಿದು ಹಾಡುವವರಿಗೆ ಈ ‘ಸಿ’ ಅಷ್ಟೇನೂ ಮುಖ್ಯವಲ್ಲ.

ಪೂರ್ತಿ ಹದಿನಾಲ್ಕು ಸಾವಿರವನ್ನು ಗಿಟಾರಿಗೇ ಸುರಿಯಬೇಡಿ. ಸಾವಿರ ರೂಪಾಯಿಯನ್ನು ಸೆಟಪ್‌ಗೆ ತೆಗೆದಿಡಿ: ನುರಿತವರ ಹತ್ತಿರ ತಂತಿಯ ಎತ್ತರ ಇಳಿಸಿ, ತೆಳು ತಂತಿಯ ಸೆಟ್ ಹಾಕಿಸಿಕೊಳ್ಳಿ. ಮೊದಲ ತಂತಿ 0.012 ಇಂಚಿನದಿದ್ದರೆ ಅದರ ಬದಲು 0.011 ಅಥವಾ 0.010. ಇನ್ನೊಂದು ಎಚ್ಚರ: ತಂತಿ ಇಳಿಸಲು ಸ್ಯಾಡಲ್‌ನ ತಳವನ್ನು ಉಜ್ಜುತ್ತಾರೆ. ಪಿಕಪ್ ಇರುವ ಗಿಟಾರಿನಲ್ಲಿ ಆ ತಳ ಸ್ವಲ್ಪ ಓರೆಯಾದರೂ ತಂತಿಗಳ ಧ್ವನಿ ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ಸಿಕ್ಕಸಿಕ್ಕವರ ಕೈಗೆ ಕೊಡಬೇಡಿ.

ಇಲ್ಲಿ ನೋಡಲು ಎರಡೇ ಗಿಟಾರ್ ಸಿಕ್ಕರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಒಂದು ದಿನ ರೈಲು ಹತ್ತಿ. ಒಂದೇ ಮಾದರಿಯ ನಾಲ್ಕು ಗಿಟಾರ್‌ಗಳನ್ನು ಪಕ್ಕಪಕ್ಕ ಹಿಡಿದು ನೋಡುವ ಅನುಕೂಲಕ್ಕೆ ಆ ಟಿಕೆಟ್ ಖರ್ಚು ಹೆಚ್ಚಲ್ಲ. ಈ ಬೆಲೆಯಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಆನ್‌ಲೈನ್‌ನಲ್ಲೇ ತರಿಸಿದರೆ ಪೆಟ್ಟಿಗೆ ಬಿಚ್ಚಿದ ದಿನವೇ ಈ ಪರೀಕ್ಷೆಗಳನ್ನೆಲ್ಲ ಮಾಡಿ, ವಾಪಸ್ ಮಾಡುವ ಅವಧಿ ಮುಗಿಯಲು ಬಿಡಬೇಡಿ. ಮಗಳಿಗೆ ವೇದಿಕೆ ಇನ್ನೂ ವರ್ಷದ ಮಾತು ಎಂದಾದರೆ ಪಿಕಪ್ ಇಲ್ಲದ ಒಳ್ಳೆಯ ಗಿಟಾರನ್ನು ಈಗ ಕೊಂಡು, ಆಮೇಲೆ ನಾದರಂಧ್ರಕ್ಕೆ (ಒಡಲಿನ ಎದುರಿನ ತೂತಿಗೆ) ಸಿಕ್ಕಿಸುವ ಪಿಕಪ್ ಹಾಕಿಸುವ ದಾರಿಯೂ ಇದೆ. ಅದರಲ್ಲಿ ಅಯಸ್ಕಾಂತದ ಬಗೆಯದು ಉಕ್ಕಿನ ತಂತಿಗೆ ಮಾತ್ರ ಕೆಲಸ ಮಾಡುತ್ತದೆ, ನೈಲಾನ್ ತಂತಿಗಲ್ಲ.

ಪ್ರಶ್ನೆ: ಗಣೇಶನ ಪೆಂಡಾಲಿನಲ್ಲಿ ನಮ್ಮ ತಂಡ ಹಾಡುತ್ತದೆ. ಹೊಸ ಎಲೆಕ್ಟ್ರೋ-ಅಕೌಸ್ಟಿಕ್ (ಪಿಕಪ್ ಇರುವ) ಗಿಟಾರನ್ನು ಮಿಕ್ಸರ್‌ಗೆ ಜೋಡಿಸಿದರೆ ಕೆಲವು ಕಾರ್ಡ್‌ಗಳಿಗೆ ಬೂಂ ಎಂದು ಕೂಗಿಕೊಳ್ಳುತ್ತದೆ. ಮಿಕ್ಕ ಹೊತ್ತಿನಲ್ಲಿ ಗುಂಯ್ ಎಂಬ ಸದ್ದು. ಬ್ಯಾಟರಿಯೂ ವಾರದಲ್ಲಿ ಖಾಲಿ. ಗಿಟಾರ್ ಕೆಟ್ಟದ್ದೇ?
— ಓದುಗರು, ಚಿತ್ರದುರ್ಗ

ಉತ್ತರ: ಗಿಟಾರಿನ ತಪ್ಪು ಬಹುಶಃ ಏನೂ ಇಲ್ಲ. ಮೂರು ತೊಂದರೆಗೂ ಮೂರು ಬೇರೆ ಕಾರಣಗಳು.

ದೊಡ್ಡ ಒಡಲಿನ ಗಿಟಾರ್ ಒಳಗಿನ ಗಾಳಿ ಸುಮಾರು 100 ಹರ್ಟ್ಸ್ ಸುತ್ತ ತಾನಾಗಿಯೇ ಅನುರಣಿಸುತ್ತದೆ. ಐದನೆಯ ತಂತಿಯ ತೆರೆದ ಸ್ವರ 110 ಹರ್ಟ್ಸ್. ಆ ಹತ್ತಿರದ ಸ್ವರಗಳು ಸ್ಪೀಕರಿನಿಂದ ಹೊರಟು ಮರಳಿ ಒಡಲಿಗೆ ಹೊಕ್ಕರೆ ಕೂಗು ಶುರುವಾಗುತ್ತದೆ. ನಾದರಂಧ್ರಕ್ಕೆ ರಬ್ಬರಿನ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿ. ಪ್ರೀಆ್ಯಂಪ್‌ನ ಬೇಸ್ ತಗ್ಗಿಸಿ, ಫೇಸ್ ಎಂಬ ಗುಂಡಿಯಿದ್ದರೆ ಒತ್ತಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಸ್ಪೀಕರಿನ ಬಾಯಿಗೆ ಎದುರಾಗಿ ನಿಲ್ಲಬೇಡಿ. ಪೆಂಡಾಲಿನಲ್ಲಿ ಆರೆಂಟು ಡಬ್ಬಿ ಜೋಡಿಸಿ ಹಾಡುಗಾರರನ್ನು ಅದರ ಮುಂದೆಯೇ ನಿಲ್ಲಿಸುವುದು ನಮ್ಮ ಕಡೆಯ ಮೈಕ್‌ಸೆಟ್‌ನವರ ಅಭ್ಯಾಸ. ಅವರೊಂದಿಗೆ ಸಂಜೆ ನಾಲ್ಕು ಗಂಟೆಗೇ ಚಹಾ ಕುಡಿದು ಮಾತಾಡಿ, ಏಳು ಗಂಟೆಗೆ ಜಗಳವಾಡಿ ಪ್ರಯೋಜನವಿಲ್ಲ.

ಗುಂಯ್ ಸದ್ದು ಹೆಚ್ಚಾಗಿ ಅರ್ಥಿಂಗ್‌ನದು. ಡಿಐ ಬಾಕ್ಸ್ ಎಂಬ ಸಣ್ಣ ಡಬ್ಬಿಯನ್ನು ಗಿಟಾರ್ ಮತ್ತು ಮಿಕ್ಸರ್ ನಡುವೆ ಇಟ್ಟು, ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಬಹುತೇಕ ನಿಲ್ಲುತ್ತದೆ. ಉದ್ದನೆಯ ಕೇಬಲ್ ಎಳೆದರೂ ಧ್ವನಿ ಸೊರಗುವುದಿಲ್ಲ. ನಿಮ್ಮ ಗಿಟಾರಿನೊಳಗೆ ಪ್ರೀಆ್ಯಂಪ್ ಇರುವುದರಿಂದ ಪ್ಯಾಸಿವ್ (ಬ್ಯಾಟರಿ ಬೇಡದ) ಬಗೆಯ ಡಿಐ ಸಾಕು. ಗಿಟಾರ್ ಮುಟ್ಟಿದಾಗ ಅಥವಾ ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆದಂತಾದರೆ ಮಾತ್ರ ತಕ್ಷಣ ನಿಲ್ಲಿಸಿ ವೈರಿಂಗ್ ನೋಡಿಸಿ. ಸದ್ದು ತಾಳಿಕೊಳ್ಳಬಹುದು, ಅದನ್ನಲ್ಲ.

ಬ್ಯಾಟರಿ? ಬಹುತೇಕ ಗಿಟಾರ್‌ಗಳಲ್ಲಿ ಕೇಬಲ್ ಚುಚ್ಚುವುದೇ ಸ್ವಿಚ್. ನುಡಿಸದಿದ್ದರೂ ಕೇಬಲ್ ಒಳಗಿದ್ದರೆ ಪ್ರೀಆ್ಯಂಪ್ ಚಾಲೂ ಇರುತ್ತದೆ. ರಾತ್ರಿ ತೆಗೆದಿಡಿ.

ಪ್ರಶ್ನೆ: ನನ್ನದು ಸಾಲಿಡ್ ಟಾಪ್ ಗಿಟಾರ್. ಬೇಸಿಗೆ ಬಂದಾಗಿನಿಂದ ಫ್ರೆಟ್‌ಗಳ ತುದಿ ಬೆರಳಿಗೆ ಗೀರುತ್ತಿವೆ. ಮೊದಲಿಲ್ಲದ ಜುಯ್ ಸದ್ದೂ ಬರುತ್ತಿದೆ. ಮೋಸ ಹೋದೆನೇ?
— ಶಿಕ್ಷಕರು, ಚಳ್ಳಕೆರೆ

ಉತ್ತರ: ಇಲ್ಲ, ಇದು ಒಣಹವೆಯ ಕೆಲಸ. ರಾಜ್ಯದಲ್ಲಿ ಮಳೆ ಅತಿ ಕಡಿಮೆ ಬೀಳುವ ಕಡೆಗಳಲ್ಲಿ ನಿಮ್ಮ ತಾಲ್ಲೂಕೂ ಒಂದು. ಮರ ಒಣಗಿ ಕುಗ್ಗುತ್ತದೆ, ಲೋಹದ ಫ್ರೆಟ್ ಹಾಗೇ ಉಳಿಯುತ್ತದೆ, ಅದರ ತುದಿ ಹೊರಚಾಚಿ ಗೀರುತ್ತದೆ. ಎದುರಿನ ಹಲಗೆಯೂ ತುಸು ಕುಸಿದು ತಂತಿ ತಗ್ಗುತ್ತದೆ, ಅದಕ್ಕೇ ಜುಯ್ ಎನ್ನುವುದು. ಆಗುಂಬೆಯ ಮಳೆಗಾಲದಲ್ಲಿ ಇದೇ ಗಿಟಾರ್ ಉಬ್ಬಿ, ತಂತಿ ಎತ್ತರವಾಗಿ ಕಾಡುತ್ತಿತ್ತು.

ಗಿಟಾರಿಗೆ ಹಿತವಾದ ಆರ್ದ್ರತೆ ಶೇ 45ರಿಂದ 55. ಅದನ್ನು ತೋರಿಸುವ ಸಣ್ಣ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ರಂಧ್ರ ಕೊರೆದು, ನೆನೆಸಿ ಚೆನ್ನಾಗಿ ಹಿಂಡಿದ ಸ್ಪಂಜನ್ನು ಒಳಗಿಟ್ಟು, ಗಿಟಾರಿನೊಂದಿಗೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ನೀರು ತೊಟ್ಟಿಕ್ಕಬಾರದು. ಪಿಕಪ್ ಇರುವ ಗಿಟಾರಿನ ಒಡಲೊಳಗೆ ಅದನ್ನು ತೂಗುಹಾಕಬೇಡಿ, ಪೆಟ್ಟಿಗೆಯಲ್ಲಿ ತಲೆಯ ಕಡೆಗಿಡಿ. ಶೀಟಿನ ಚಾವಣಿಯ ಕೆಳಗಿನ ಅಟ್ಟ, ಬಿಸಿಲಲ್ಲಿ ನಿಲ್ಲಿಸಿದ ಕಾರು ಎರಡೂ ವರ್ಜ್ಯ. ಬ್ರಿಜ್‌ನ ಅಂಟು ಬಿಟ್ಟೀತು. ಒಂದೆರಡು ವಾರ ಹೀಗೆ ಮಾಡಿ ನೋಡಿ, ಅದಕ್ಕೂ ಮೊದಲು ಟ್ರಸ್ ರಾಡ್‌ಗೆ ಕೈ ಹಾಕಬೇಡಿ. ಮರ ಸುಧಾರಿಸಿಕೊಂಡ ಮೇಲೂ ತುದಿ ಚುಚ್ಚಿದರೆ ಉಜ್ಜಿಸಿ.

ಪ್ರಶ್ನೆ: ಮಗ ಎಡಚ. ಮಾಮೂಲಿ ಎಲೆಕ್ಟ್ರೋ-ಅಕೌಸ್ಟಿಕ್ ಗಿಟಾರಿಗೆ ತಂತಿಗಳನ್ನು ಅದಲುಬದಲು ಮಾಡಿ ಹಾಕಿದರೆ ಆಗುವುದಿಲ್ಲವೇ?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಆಗದು. ನಟ್‌ನ ಗೀರುಗಳು ತಂತಿಯ ದಪ್ಪಕ್ಕೆ ತಕ್ಕಂತೆ ಕೊರೆದವು. ಸ್ಯಾಡಲ್ ಓರೆಯಾಗಿ ಕೂತಿರುವುದೂ ಒಂದೇ ದಿಕ್ಕಿಗೆ. ಅದಲುಬದಲು ಮಾಡಿದರೆ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ತಪ್ಪುತ್ತದೆ. ಗುಂಡಿಗಳೂ ತೊಡೆಯ ಕಡೆಗೆ ಹೋಗುತ್ತವೆ. ಹುಡುಗ ಇನ್ನೂ ಶುರು ಮಾಡಿಲ್ಲವಾದರೆ ಗೆಳೆಯರ ಬಲಗೈ ಗಿಟಾರನ್ನೇ ಒಂದು ತಿಂಗಳು ಪ್ರಯತ್ನಿಸಲಿ. ಫ್ರೆಟ್ ಒತ್ತುವ ಕಷ್ಟದ ಕೆಲಸ ಅವನ ಚುರುಕಾದ ಎಡಗೈಗೇ ಬರುತ್ತದೆ, ಹಲವು ಎಡಚರು ಹಾಗೆಯೇ ನುಡಿಸುತ್ತಾರೆ. ಅದು ಒಗ್ಗಲೇ ಇಲ್ಲವೆಂದರೆ ಎಡಗೈಯವರಿಗೆಂದೇ ಮಾಡಿದ ಮಾದರಿಯನ್ನು ಮುಂಗಡ ಕೊಟ್ಟು ತರಿಸಿ. ಅಂಗಡಿಗಳಲ್ಲಿ ಅದು ಇಟ್ಟಿರುವುದು ಅಪರೂಪ. ಮಾರುವಾಗಲೂ ಗಿರಾಕಿ ಸಿಗುವುದು ಕಷ್ಟ.