ಮೂರು ಮೂಲೆ ಸೈಟು: 819 ಚದರಡಿನಾ, 756 ಚದರಡಿನಾ?

ಪ್ರಶ್ನೆ: ಸರ್, ಉತ್ತರಹಳ್ಳಿ ಕಡೆ ಒಂದು ಮೂರು ಮೂಲೆ ಸೈಟು ನೋಡಿದೀವಿ. ನಾನೂ ನಮ್ಮ ಯಜಮಾನ್ರೂ ಟೇಪ್ ಹಿಡಿದ್ವಿ, ರೋಡ್ ಕಡೆ 42 ಅಡಿ, ಎಡಕ್ಕೆ 39, ಬಲಕ್ಕೆ 45 ಬಂತು. ಬ್ರೋಕರ್ 42ನ್ನ 39ರಿಂದ ಗುಣಿಸಿ ಅರ್ಧ ಮಾಡಿ 819 ಚದರಡಿ ಅಂತಿದಾರೆ. ಸರೀನಾ? ಕೋನ ಅಳೆಯೋಕೆ ನಮ್ಮತ್ರ ಏನೂ ಇಲ್ಲ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸರಿ ಇಲ್ಲ ಮೇಡಂ, 63 ಚದರಡಿ ಜಾಸ್ತಿ ಹೇಳ್ತಿದಾರೆ. ಕೋನ ಅಳೆಯೋದೇ ಬೇಡ. ಮೂರು ಬದಿ ಗೊತ್ತಾದ್ರೆ ಮುಗೀತು, ಆ ಅಳತೆಗೆ ಒಂದೇ ಆಕಾರದ ತ್ರಿಭುಜ ಬರೋಕೆ ಸಾಧ್ಯ. ನಾಲ್ಕು ಮೂಲೆ ಸೈಟಿಗೆ ಈ ಅನುಕೂಲ ಇಲ್ಲ, ನಾಲ್ಕು ಬದೀನೂ ಸರಿಯಿದ್ದು ಸೈಟು ಮಾತ್ರ ಒಂದು ಕಡೆ ವಾಲಿರಬಹುದು, ಅದಕ್ಕೇ ನಮ್ಮೂರಿನ 30-40 ಸೈಟಲ್ಲಿ ಮೇಸ್ತ್ರಿಗಳು ಮೂಲೆಯಿಂದ ಮೂಲೆಗೆ ದಾರ ಎಳೆದು ಸರಿಯಾಗಿ 50 ಅಡಿ ಬರುತ್ತಾ ಅಂತ ನೋಡೋದು (30ರ ವರ್ಗ 900, 40ರದ್ದು 1600, ಕೂಡಿದ್ರೆ 2500, ಅದು 50ರ ವರ್ಗ).

ಅದೇ ಲೆಕ್ಕ ನಿಮ್ಮ ಸೈಟಿಗೆ ಹಾಕಿ. 39ರ ವರ್ಗ 1521, 42ರದ್ದು 1764, ಒಟ್ಟು 3285. ಆದ್ರೆ 45ರ ವರ್ಗ ಬರೀ 2025. ಅಂದ್ರೆ ಎಡಗಡೆ ಮೂಲೆ ಮಟ್ಟವಾಗಿಲ್ಲ, ಸುಮಾರು 67 ಡಿಗ್ರಿಗೆ ಒಳಕ್ಕೆ ಬಾಗಿದೆ. ಬ್ರೋಕರ್ ಲೆಕ್ಕ ಸರಿ ಆಗ್ಬೇಕಿದ್ರೆ ಅದು ಲಂಬಕೋನ ಇರ್ಬೇಕಿತ್ತು, ಆಗ ಬಲಗಡೆ ಬದಿ 57 ಅಡಿ ದಾಟಿರೋದು.

ಈಗ ವಿಸ್ತೀರ್ಣ. ಹೈಸ್ಕೂಲಲ್ಲಿ ಓದಿದ ಹೆರಾನ್ ಸೂತ್ರ ನೆನಪಿಸ್ಕೊಳ್ಳಿ: ಮೂರೂ ಬದಿ ಕೂಡಿದ್ರೆ 126, ಅರ್ಧ 63, ಈ 63ರಲ್ಲಿ ಒಂದೊಂದೇ ಬದಿ ಕಳೆದ್ರೆ 24, 21, 18, ಈಗ 63, 24, 21, 18 ನಾಲ್ಕನ್ನೂ ಗುಣಿಸಿ, 571536, ಮೊಬೈಲಲ್ಲಿ ವರ್ಗಮೂಲ ಒತ್ತಿ, ಕರೆಕ್ಟಾಗಿ 756 ಚದರಡಿ. ಕ್ರಿ.ಶ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ನಾಲ್ಕು ಬದಿಗೆ ಅಂತ ಕೊಟ್ಟ ಸೂತ್ರದಲ್ಲಿ (ನಾಲ್ಕೂ ಮೂಲೆ ಒಂದೇ ವೃತ್ತದ ಮೇಲಿದ್ರೆ ಮಾತ್ರ ಅದು ಸರಿ) ಒಂದು ಬದಿ ಸೊನ್ನೆ ಅಂತ ಹಾಕಿದ್ರೂ ಇದೇ ಬರುತ್ತೆ, ನನಗೆ ತುಂಬಾ ಇಷ್ಟವಾದ ವಿಷ್ಯ ಇದು.

ಬ್ರೋಕರ್ ಸೂತ್ರ ಗೀತ್ರ ಬೇಡ ಅಂದ್ರೆ ಸ್ಥಳದಲ್ಲೇ ತೋರಿಸಿ. ಎಡ ಮೂಲೆಯಿಂದ ರೋಡ್ ಗೆರೆ ಮೇಲೇ 15 ಅಡಿ ಬಂದು ಒಂದು ಗೂಟ ಹೊಡೀರಿ. ಅಲ್ಲಿಂದ ಹಿಂದಿನ ತುದಿಗೆ ಟೇಪ್ ಎಳೀರಿ, ಜೋತು ಬೀಳದ ಹಾಗೆ ಬಿಗಿಯಾಗಿ. 36 ಅಡಿ ಬರ್ಬೇಕು. ಅದೇ ನಿಮ್ಮ ಸೈಟಿನ ನಿಜವಾದ ಎತ್ತರ, ಬದಿಯ 39 ಅಲ್ಲ. 42ನ್ನ 36ರಿಂದ ಗುಣಿಸಿ ಅರ್ಧ ಮಾಡಿದ್ರೆ ಮತ್ತೆ ಅದೇ 756. ಗೂಟದ ಆಚೆ ಉಳಿಯೋದು 27 ಅಡಿ, ಆ ಕಡೆ ತ್ರಿಭುಜ 27-36-45, ಅಂದ್ರೆ ಮೇಸ್ತ್ರಿಗಳ 3-4-5ನ್ನೇ ಒಂಬತ್ತು ಪಟ್ಟು ಮಾಡಿದ್ದು. 36 ಬರ್ಲಿಲ್ಲ ಅಂದ್ರೆ ಮೊದಲ ಮೂರು ಅಳತೇಲಿ ಎಲ್ಲೋ ತಪ್ಪಾಗಿದೆ, ಅಡ್ವಾನ್ಸ್ ಕೊಡೋಕೆ ಮುಂಚೆ ಇನ್ನೊಮ್ಮೆ ಟೇಪ್ ಹಿಡೀರಿ, ಕ್ರಯಪತ್ರದಲ್ಲಿ ಬರೆಯೋ ಚದರಡೀನೂ ಅದಕ್ಕೆ ತಾಳೆ ಆಗುತ್ತಾ ನೋಡಿ.