ಹಿಟ್ಲರ್ ಹೋದ ಮೇಲಾದರೂ ಜರ್ಮನಿಯ ರೋಮಾ ಜನರಿಗೆ ನ್ಯಾಯ ಸಿಕ್ಕಿತಾ?

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಬಹಳ ವರ್ಷ ಸಿಗಲಿಲ್ಲ.

ರೋಮಾ ಅಂದರೆ ಯುರೋಪಿನಲ್ಲಿ 'ಜಿಪ್ಸಿ'ಗಳೆಂದು ಕರೆಸಿಕೊಂಡ ಜನ, ಸಿಂತಿ ಅಂದರೆ ಅವರಲ್ಲೇ ಜರ್ಮನಿಯಲ್ಲಿ ಬಹುಕಾಲದಿಂದ ಇರುವ ಒಂದು ಗುಂಪು. ನಾಜಿಗಳು ಈ ಸಿಂತಿ ಮತ್ತು ರೋಮಾ ಜನರನ್ನು ಲಕ್ಷಗಟ್ಟಲೆ ಕೊಂದರು. ಬದುಕಿ ಉಳಿದವರು ಊರಿಗೆ ಬಂದು ಪರಿಹಾರ ಕೇಳಿದರು. ಆಗ 1956ರಲ್ಲಿ ಪಶ್ಚಿಮ ಜರ್ಮನಿಯ ಫೆಡರಲ್ ನ್ಯಾಯಾಲಯ ಕೊಟ್ಟ ತೀರ್ಪು ಓದಿದರೆ ಹೊಟ್ಟೆ ಉರಿಯುತ್ತದೆ. 1940ರಲ್ಲಿ ಅವರನ್ನು ಪೋಲೆಂಡಿಗೆ ಸಾಗಿಸಿದ್ದು ಜನಾಂಗದ ಕಾರಣಕ್ಕಲ್ಲವಂತೆ. ಅವರಿಗೆ ಕಳ್ಳತನ, ಮೋಸದ ಚಾಳಿ ಇದೆ, ಅದನ್ನು ತಡೆಯಲು ಹಾಗೆ ಮಾಡಿದ್ದಂತೆ. ಹಿಟ್ಲರ್ ಸತ್ತು 11 ವರ್ಷ ಆಗಿತ್ತು. ಇದನ್ನು ಬರೆದವರು ಪ್ರಜಾಪ್ರಭುತ್ವದ ನ್ಯಾಯಾಧೀಶರು.

ಆ 'ಚಾಳಿ' ಅನ್ನುವ ಮಾತು ನನಗೆ ಹೊಸದಲ್ಲ. ನಾನು ಹಾಸನದವನು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರ ಕಾಲೋನಿ ಇದೆ. ಅವರು ಮನೆಯಲ್ಲಾಡುವ ವಾಗ್ರಿ ಮಾತು ಗುಜರಾತಿಗೆ ಹತ್ತಿರ. ರೋಮಾ ಭಾಷೆಯ ಬೇರೂ ಉತ್ತರ ಭಾರತದ್ದೇ. ಒಮ್ಮೆ ಬೇಲೂರು ಬಸ್ಸಿಗೆ ಕೂದಲೆಣ್ಣೆ ಮಾರುವ ಹೆಂಗಸೊಬ್ಬರು ಹತ್ತಿದರು. ಪಕ್ಕದಲ್ಲಿದ್ದ ಯಜಮಾನರು ಮೆಲ್ಲಗೆ "ಬ್ಯಾಗ್ ನೋಡ್ಕೊಳ್ಳಿ" ಅಂದರು. ನಾನು ಯೋಚನೆಯನ್ನೇ ಮಾಡದೆ ಬ್ಯಾಗನ್ನು ತೊಡೆ ಮೇಲೆ ಎಳೆದುಕೊಂಡೆ. ಆ ತಾಯಿ ಅದನ್ನು ನೋಡಿದರು. ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಂತರು. ಇವತ್ತಿಗೂ ನನಗೆ ಅದು ಚುಚ್ಚುತ್ತದೆ.

ಇಡೀ ಸಮುದಾಯಗಳಿಗೆ ಹುಟ್ಟುಗಳ್ಳರೆಂದು ಹಣೆಪಟ್ಟಿ ಕಟ್ಟಿದ ಬ್ರಿಟಿಷರ ಕಾನೂನು 1871ರದ್ದು. ನಾವು ಅದನ್ನು 1952ರಲ್ಲೇ ತೆಗೆದು ಹಾಕಿದೆವು. ಆದರೆ ಬಸ್ಸಿನಲ್ಲಿ ನನ್ನ ಕೈ ಆಡಿದ್ದು ಆ ಕಾನೂನು ಕಲಿಸಿದ ಹಾಗೆಯೇ ಅಲ್ವಾ?

ಜರ್ಮನಿಯಲ್ಲಿ ಅಂಥ ಕಾನೂನೂ ಪೂರ್ತಿ ಹೋಗಿರಲಿಲ್ಲ. ಅಲ್ಲಿನ ಬವೇರಿಯಾ ರಾಜ್ಯದಲ್ಲಿ 1953ರಲ್ಲಿ 'ಅಲೆಮಾರಿ'ಗಳ ಮೇಲೆ ಹೊಸ ಕಾಯ್ದೆ ಬಂತು. ಹೆಸರು ಮಾತ್ರ ಬೇರೆ, ಗುರಿ ಅದೇ ಜನ. 1970ರವರೆಗೂ ಅದು ನಡೆಯಿತು. ಮ್ಯೂನಿಕ್ ಪೊಲೀಸರು ನಾಜಿ ಕಾಲದ ಕಡತಗಳನ್ನೇ ಮತ್ತೆ ಬಳಸಿದರು. ನಾಜಿಗಳ ಸೆರೆ ಕ್ಯಾಂಪಿನಿಂದ ಜೀವ ಉಳಿಸಿಕೊಂಡು ಬಂದವರ ಹೆಸರು ಇನ್ನೂ ಪೊಲೀಸರ ಪಟ್ಟಿಯಲ್ಲಿತ್ತು.

ನ್ಯಾಯಾಲಯ 1963ರಲ್ಲಿ ತನ್ನ ತೀರ್ಪನ್ನು ಸ್ವಲ್ಪ ತಿದ್ದಿಕೊಂಡಿತು. ನಿಜವಾದ ಬದಲಾವಣೆ ತಂದವರು ಆ ಜನರೇ. 1980ರ ಈಸ್ಟರ್ ಹೊತ್ತಿಗೆ ಕೆಲವು ಸಿಂತಿಗಳು ನಾಜಿಗಳ ಡಾಖಾವ್ ಸೆರೆ ಕ್ಯಾಂಪಿದ್ದ ಜಾಗದಲ್ಲೇ ಉಪವಾಸ ಕೂತರು. ಅವರಲ್ಲಿ ಕ್ಯಾಂಪ್ ಅನುಭವಿಸಿದ ಹಿರಿಯರೂ ಇದ್ದರು. ಆ ಪೊಲೀಸ್ ಕಡತಗಳು ಏನಾದವು, ಹೇಳಿ ಎಂದು ಕೇಳಿದರು. ಎರಡು ವರ್ಷದ ನಂತರ, 1982ರಲ್ಲಿ, ಪಶ್ಚಿಮ ಜರ್ಮನಿಯ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಹೆಲ್ಮುಟ್ ಶ್ಮಿಟ್, ನಾಜಿಗಳು ಈ ಜನರಿಗೆ ಮಾಡಿದ್ದು ಜನಾಂಗದ ಹೆಸರಿನಲ್ಲಿ ನಡೆದ ನರಮೇಧ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಯುದ್ಧ ಮುಗಿದು 37 ವರ್ಷ ಕಳೆದಿತ್ತು. ಪರಿಹಾರಕ್ಕೆ ಅರ್ಜಿ ಹಾಕಿ ಬರಿಗೈಯಲ್ಲಿ ವಾಪಸಾದ ಎಷ್ಟೋ ಜನ ಆ ಮಾತು ಕೇಳಲು ಬದುಕಿರಲಿಲ್ಲ.