ಅಪ್ಪನ ಅಕ್ಕತಂಗಿಯರು ಎಷ್ಟು ಜನ?

ಈ ಪ್ರಕರಣ ಬರೆಯಲು ವನಜ ಒಪ್ಪಿಗೆ ಕೊಟ್ಟಿದ್ದಾರೆ. ವನಜ ಅವರ ನಿಜವಾದ ಹೆಸರಲ್ಲ. ಊರು, ವಯಸ್ಸು, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ಮಲ್ಲಿಗೆ ಕಟ್ಟುವ ಕೆಲಸವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. "ಅದು ಇರ್ಲಿ ಮೇಡಂ, ಶಂಕರಪುರದ ಸುತ್ತ ಮಲ್ಲಿಗೆ ಕಟ್ಟುವವಳು ನಾನೊಬ್ಬಳೇನಾ?" ಅಂದರು.

ಉಡುಪಿಯಲ್ಲಿ ನಾನು ಮಾಡುವುದು ಜೆನೆಟಿಕ್ ಕೌನ್ಸೆಲಿಂಗ್. ನಾನು ಔಷಧ ಕೊಡುವುದಿಲ್ಲ. ಕುಟುಂಬದಲ್ಲಿ ಕಾಯಿಲೆ ಹೇಗೆ ಹರಿದು ಬಂದಿದೆ ಎಂದು ಕೇಳಿ ತಿಳಿಯುತ್ತೇನೆ. ಪರೀಕ್ಷೆ ಬೇಕೋ ಬೇಡವೋ, ಮಾಡಿಸಿದರೆ ಮುಂದೇನು ಎಂದು ಕೂತು ಮಾತಾಡುತ್ತೇನೆ. ವನಜ ಬಂದಾಗ ಅವರಿಗೆ 43 ವರ್ಷ. ಎಡ ಎದೆಯಲ್ಲಿ ಗಂಟು, ಬಯಾಪ್ಸಿಯಲ್ಲಿ ಕ್ಯಾನ್ಸರ್. ಅದೂ ಟ್ರಿಪಲ್ ನೆಗೆಟಿವ್. ಅಂದರೆ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳು, ಹರ್2 ಎಂಬ ಪ್ರೋಟೀನು, ಈ ಮೂರು ಗುರುತುಗಳೂ ಆ ಗಂಟಿನಲ್ಲಿ ಇಲ್ಲ. ಚಿಕ್ಕ ವಯಸ್ಸು, ಅದರ ಮೇಲೆ ಈ ಬಗೆಯ ಗಂಟು. ಇವೆರಡನ್ನು ನೋಡಿಯೇ ಅವರ ಕ್ಯಾನ್ಸರ್ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು.

ಅವರ ಹಳೆಯ ಫೈಲಿನಲ್ಲಿ ಒಂದು ಸಾಲು ಇತ್ತು: "ಕುಟುಂಬದಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲ."

ಆ ಸಾಲು ಬರೆದವರನ್ನು ನಾನು ದೂರುವುದಿಲ್ಲ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಹಾಗೇ ಕೇಳುತ್ತಿದ್ದೆ. "ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಇತ್ತಾ?" ಆದರೆ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಕುಟುಂಬ ಅಂದರೆ ತಾಯಿಯ ಕಡೆ. ಬರಿ, ಅಂದರೆ ಗೋತ್ರದಂಥ ವಂಶದ ಗುರುತು, ಬರುವುದು ತಾಯಿಯಿಂದ. ಕುಟುಂಬದ ಮನೆ ಅಂದರೆ ಅಮ್ಮನ, ಅಜ್ಜಿಯ, ಮಾವನ ಮನೆ. ಅಪ್ಪ ಎಷ್ಟೇ ಪ್ರೀತಿಯವನಾದರೂ ಅವನ ಕುಟುಂಬ ಬೇರೆ. ಹಾಗಾಗಿ ವನಜ ಸುಳ್ಳು ಹೇಳಿರಲಿಲ್ಲ. ಅಮ್ಮನ ಕಡೆ ನಿಜವಾಗಿಯೂ ಯಾರಿಗೂ ಇರಲಿಲ್ಲ.

ನಾನು ದೊಡ್ಡ ಹಾಳೆ ತೆಗೆದು ವಂಶದ ಚಿತ್ರ ಬಿಡಿಸುತ್ತಾ ಹೋದೆ. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ, ಕಾಯಿಲೆ ಇದ್ದವರಿಗೆ ಕಪ್ಪು ಬಣ್ಣ. ಅಮ್ಮನ ಕಡೆ ಎಲ್ಲಾ ಬಿಳಿ. ಆಮೇಲೆ ಕೇಳಿದೆ, "ಅಪ್ಪನ ಅಕ್ಕತಂಗಿಯರು ಎಷ್ಟು ಜನ?"

"ಮೂವರು. ಅವರದ್ದು ಯಾಕೆ ಮೇಡಂ? ಅವರ ಬರಿ ಬೇರೆ, ನಮ್ಮದು ಬೇರೆ."

"ಸುಮ್ನೆ ಹೇಳಿ."

"ದೊಡ್ಡತ್ತೆಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು. ಬಸುರಿ ಹಾಗೆ ಕಾಣ್ತಿದ್ರು. ಮಂಗಳೂರಿಗೆ ಕರ್ಕೊಂಡು ಹೋದ್ರು. ಆಮೇಲೆ ಆರು ತಿಂಗಳು ಕೂಡ ಇರ್ಲಿಲ್ಲ. ಐವತ್ತು ತುಂಬಿರ್ಲಿಲ್ಲ ಅವರಿಗೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಣ್ಣತ್ತೆ ಎದೆಗೆ ಯಾವಾಗಲೂ ಒಂದು ಬಟ್ಟೆ ಕಟ್ಟಿಕೊಳ್ತಿದ್ರು. ಗಾಯ ಅಂತ ಹೇಳ್ತಿದ್ರು. ಯಾರಿಗೂ ತೋರಿಸ್ಲಿಲ್ಲ."

ನಾನು ಎರಡು ವೃತ್ತಗಳಿಗೆ ಕಪ್ಪು ತುಂಬಿಸಿದೆ. ವನಜ ಪೆನ್ನನ್ನೇ ನೋಡುತ್ತಿದ್ದರು. ಮೂರನೆಯ ವೃತ್ತ ಬಿಳಿಯಾಗಿಯೇ ಉಳಿಯಿತು. ಆ ಅತ್ತೆಗೆ ಈಗ ಎಂಬತ್ತರ ಹತ್ತಿರ, ಕಾಪುವಿನಲ್ಲಿ ಆರಾಮಾಗಿದ್ದಾರೆ.

ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮು, 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನದು, ಒಂದು ಅಪ್ಪನದು. ಬಿಆರ್‌ಸಿಎ1 ಎಂಬ ಜೀನ್ ಇರುವುದು 17ನೆಯ ಕ್ರೋಮೋಸೋಮಿನಲ್ಲಿ. ಸ್ತನ ಕ್ಯಾನ್ಸರಿಗೆ ಕಾರಣವಾಗುವ ಒಂದು ಜೀನ್ ಅಲ್ಲಿದೆ ಎಂದು 1990ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ತೋರಿಸಿದರು. ಸ್ತನ ಕ್ಯಾನ್ಸರ್ ಹೀಗೆ ಒಂದು ಜೀನಿನ ಮೂಲಕ ವಂಶದಲ್ಲಿ ಬರುತ್ತದೆ ಎಂದರೆ ಆಗ ಬಹಳ ಜನ ನಂಬುತ್ತಿರಲಿಲ್ಲ. 1994ರಲ್ಲಿ ಆ ಜೀನೇ ಸಿಕ್ಕಿತು. 17ನೆಯ ಜೋಡಿಗೂ ಗಂಡು ಹೆಣ್ಣು ಎಂಬ ಭೇದಕ್ಕೂ ಸಂಬಂಧವಿಲ್ಲ. ಅಪ್ಪ ತನಗೆ ಏನೂ ಆಗದೆ ಅದನ್ನು ಮಗಳಿಗೆ ದಾಟಿಸಬಹುದು. ವನಜರ ಅಪ್ಪ ಎಪ್ಪತ್ತು ದಾಟಿ ಹೃದಯಾಘಾತದಿಂದ ತೀರಿಕೊಂಡವರು. ಒಂದು ಮಾತು ಇಲ್ಲೇ ಹೇಳಬೇಕು. ಬರಿಯ ಹಾಗೆ ತಾಯಿಯಿಂದ ಮಾತ್ರ ಬರುವ ಡಿಎನ್‌ಎ ನಿಜವಾಗಿಯೂ ಇದೆ, ಅದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ್ದು. ಹಿರಿಯರ ಲೆಕ್ಕ ಅಲ್ಲಿಗೆ ಸರಿಯಾಗಿ ಕೂರುತ್ತದೆ. ಈ ಜೀನಿಗೆ ಕೂರುವುದಿಲ್ಲ, ಅಷ್ಟೇ.

ರಕ್ತ ಕೊಡುವ ಮೊದಲೇ ಉತ್ತರ ಮೂರು ಥರ ಬರಬಹುದು ಎಂದು ಹೇಳಿದ್ದೆ. ದೋಷ ಇದೆ, ಇಲ್ಲ, ಅಥವಾ ಏನೋ ಬದಲಾವಣೆ ಇದೆ ಆದರೆ ಅದರ ಅರ್ಥ ಇನ್ನೂ ಸ್ಪಷ್ಟವಿಲ್ಲ. ಕೆಲವು ವಾರಗಳ ನಂತರ ವರದಿ ಬಂತು. ದೋಷ ಇತ್ತು. ಬಿಆರ್‌ಸಿಎ1ರಲ್ಲಿ ಡಿಎನ್‌ಎ ಬರಹದ ಎರಡು ಅಕ್ಷರ ಬಿಟ್ಟುಹೋಗಿದ್ದವು, ಒಂದು ಎ, ಒಂದು ಜಿ. ಹಳೆಯ ಹೆಸರು 185ಡೆಲ್‌ಎಜಿ. ಇದು ದಕ್ಷಿಣ ಭಾರತದ ಕುಟುಂಬಗಳಲ್ಲಿ ಮತ್ತೆ ಮತ್ತೆ ಸಿಕ್ಕಿರುವ ದೋಷ.

"ಎರಡೇ ಅಕ್ಷರಕ್ಕೆ ಇಷ್ಟೆಲ್ಲಾ ಆಗ್ತದಾ?" ಎಂದು ಕೇಳಿದರು.

ಜೀವಕೋಶ ಡಿಎನ್‌ಎಯನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ನಾನು ಹಾಳೆಯ ಹಿಂದೆ ಬರೆದೆ: ಅವಳು ಬಾಗಿಲು ತೆರೆದು ಮನೆಗೆ ಬಂದಳು. ಎಲ್ಲಾ ಮೂರಕ್ಷರದ ಪದಗಳು. "ಈಗ 'ಬಾಗಿ' ಎಂಬ ಎರಡಕ್ಷರ ತೆಗೆಯಿರಿ. ಆದರೂ ಮೂರು ಮೂರಾಗಿಯೇ ಓದಬೇಕು." ವನಜ ಬೆರಳಿಟ್ಟು ಓದಿದರು. ಅವಳು, ಲುತೆರೆ, ದುಮನೆ, ಗೆಬಂದ. ಅಲ್ಲಿಗೇ ನಿಲ್ಲಿಸಿದರು. "ಎಂತ ಸಾ ಅರ್ಥ ಆಗುದಿಲ್ಲ."

ಜೀವಕೋಶಕ್ಕೂ ಹಾಗೇ ಆಗುತ್ತದೆ. ಬಿಆರ್‌ಸಿಎ1 ಪ್ರೋಟೀನು 1863 ಅಮೈನೋ ಆಮ್ಲಗಳ ಸರ. ಈ ಎರಡಕ್ಷರ ಹೋದರೆ ಸ್ವಲ್ಪ ಮುಂದೆ ತಪ್ಪು ಜಾಗದಲ್ಲಿ 'ನಿಲ್ಲಿಸು' ಎಂಬ ಸಂಕೇತ ಹುಟ್ಟಿಬಿಡುತ್ತದೆ. ಸರ 38ಕ್ಕೇ ನಿಲ್ಲುತ್ತದೆ. ನೂರಾರು ಮಲ್ಲಿಗೆಯ ಚೆಂಡು ಕಟ್ಟಲು ಕೂತವರು ಹತ್ತು ಹೂ ಕಟ್ಟಿ ಎದ್ದು ಹೋದ ಹಾಗೆ.

ಆ ಪ್ರೋಟೀನಿನ ಕೆಲಸವೇನು ಎಂಬುದನ್ನು ಅವರ ಕೈಕೆಲಸದಿಂದಲೇ ಹೇಳಿದೆ. ಮಾಲೆಯ ಬಾಳೆನಾರು ನಡುವೆ ತುಂಡಾದರೆ ಏನು ಮಾಡುತ್ತೀರಿ? "ಎರಡು ತುದಿ ಸೇರಿಸಿ ಗಂಟು ಹಾಕಬಹುದು. ಆದ್ರೆ ಅಲ್ಲಿ ನಾಲ್ಕು ಹೂ ಹೋಗ್ತದೆ. ಚೆಂದ ಬೇಕಾದ್ರೆ ಪಕ್ಕದ ಮಾಲೆ ನೋಡಿ ಅಷ್ಟೇ ಹೂ ಸೇರಿಸಿ ಕಟ್ಟಬೇಕು." ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಕೋಶದ ಮುಂದೆ ಇರುವುದೂ ಇವೇ ಎರಡು ದಾರಿ. ಕೋಶ ಎರಡಾಗುವ ಮೊದಲು ಪ್ರತಿ ಕ್ರೋಮೋಸೋಮಿನ ಇನ್ನೊಂದು ಪ್ರತಿ ಪಕ್ಕದಲ್ಲೇ ತಯಾರಾಗಿರುತ್ತದೆ. ಅದನ್ನು ನೋಡಿಕೊಂಡು ತಪ್ಪಿಲ್ಲದೆ ಜೋಡಿಸುವ ಕೆಲಸಕ್ಕೆ ಬಿಆರ್‌ಸಿಎ1 ಬೇಕು. ಅದು ಇಲ್ಲದಿದ್ದರೆ ಕೋಶ ಬರೀ ಗಂಟು ಹಾಕುತ್ತದೆ. ಪ್ರತಿ ಗಂಟಿನಲ್ಲೂ ಒಂದಷ್ಟು ಅಕ್ಷರ ಹೋಗುತ್ತದೆ.

ವನಜ ಆಗ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಹುಟ್ಟಿದಾಗಿಂದ ಇದ್ರೆ 43 ವರ್ಷ ಯಾಕೆ ಸುಮ್ಮನಿತ್ತು?"

ಅಪ್ಪನಿಂದ ಬಂದ ಆ ಜೀನಿನ ಪ್ರತಿ ಕೆಟ್ಟಿದ್ದರೂ ಅಮ್ಮನಿಂದ ಬಂದದ್ದು ಚೆನ್ನಾಗಿತ್ತು, ಅದಕ್ಕೆ. ಒಂದು ಪ್ರತಿ ಇದ್ದರೆ ಕೋಶ ಕೆಲಸ ನಡೆಸಿಕೊಂಡು ಹೋಗುತ್ತದೆ. ಆದರೆ ಎದೆಯ ಕೋಟ್ಯಂತರ ಕೋಶಗಳಲ್ಲಿ ಯಾವುದೋ ಒಂದರಲ್ಲಿ, ಯಾವತ್ತೋ ಒಂದು ದಿನ, ಆ ಒಳ್ಳೆಯ ಪ್ರತಿಯೂ ಕೆಟ್ಟರೆ ಅಲ್ಲಿಂದ ಶುರು. ಆಲ್‌ಫ್ರೆಡ್ ನಡ್ಸನ್ ಎಂಬ ವೈದ್ಯ 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರ್ ಲೆಕ್ಕ ಹಾಕಿ ಈ ಎರಡು ಏಟಿನ ಮಾತು ಹೇಳಿದರು. ವಂಶದಿಂದ ಬಂದ ಮಕ್ಕಳಿಗೆ ಮೊದಲ ಏಟು ಹುಟ್ಟುವಾಗಲೇ ಬಿದ್ದಿರುತ್ತದೆ. ಅದಕ್ಕೇ ಅವರಿಗೆ ಬೇಗ ಬರುತ್ತದೆ, ಹಲವು ಸಲ ಎರಡೂ ಕಣ್ಣಿಗೆ. ಎರಡನೆಯ ಏಟಿನ ನಂತರವೂ ಒಂದೇ ದಿನಕ್ಕೆ ಕ್ಯಾನ್ಸರ್ ಆಗುವುದಿಲ್ಲ. ತಪ್ಪುಗಳು ಸೇರುತ್ತಾ ಹೋಗಬೇಕು. ಕೆಟ್ಟ ಕೋಶವನ್ನು ತಡೆದು ಸಾಯಿಸುವ ಟಿಪಿ53 ಜೀನ್ ಸಾಮಾನ್ಯವಾಗಿ ಈ ದಾರಿಯಲ್ಲಿ ಕೆಡುತ್ತದೆ. ಆಮೇಲೆ ಹೇಳುವವರು ಕೇಳುವವರು ಇಲ್ಲ.

ಅವರ ಅತ್ತೆ, ಅಂದರೆ ಗಂಡನ ತಾಯಿ, ಇದು ನಾಗದೋಷ ಎಂದಿದ್ದರು. ಆಶ್ಲೇಷಾ ಬಲಿಯ ಮಾತೂ ನಡೆದಿತ್ತು. ನಾನು ಬೇಡ ಅನ್ನಲಿಲ್ಲ. "ಮಾಡಿಸಿ, ಮನಸ್ಸಿಗೆ ಧೈರ್ಯ ಬರ್ತದೆ. ಕೀಮೋ ದಿನ ಮಾತ್ರ ತಪ್ಪಿಸಬೇಡಿ" ಅಂದೆ. ಇನ್ನೊಂದು ಮಾತನ್ನು ಮಾತ್ರ ಒತ್ತಿ ಹೇಳಿದೆ. ಇದು ಅವರು ಮಾಡಿದ ಯಾವ ತಪ್ಪಿನ ಫಲವೂ ಅಲ್ಲ, ಅಪ್ಪನ ತಪ್ಪೂ ಅಲ್ಲ. ನೂರು ಕ್ಯಾನ್ಸರಿನಲ್ಲಿ ಹೀಗೆ ವಂಶದಿಂದ ಬರುವುದು ಐದರಿಂದ ಹತ್ತು. ಉಳಿದದ್ದರಲ್ಲಿ ಜೀನ್ ಕೆಡುವುದು ಬದುಕುತ್ತಾ ಇರುವಾಗಲೇ, ವಯಸ್ಸಿನಿಂದ, ತಂಬಾಕಿನಿಂದ, ಕೋಶ ನಕಲು ಮಾಡುವಾಗ ಆಗುವ ತಪ್ಪಿನಿಂದ.

ನಾನು ಕೊಟ್ಟ ಸಲಹೆ ಹೀಗಿತ್ತು. ಈ ದೋಷ ಅಂಡಾಶಯಕ್ಕೂ ಅಪಾಯ. 2017ರ ಒಂದು ದೊಡ್ಡ ಅಧ್ಯಯನದ ಪ್ರಕಾರ ಬಿಆರ್‌ಸಿಎ1 ದೋಷವಿರುವ ನೂರು ಹೆಂಗಸರಲ್ಲಿ 80 ವರ್ಷದೊಳಗೆ ಸುಮಾರು 72 ಜನರಿಗೆ ಸ್ತನ ಕ್ಯಾನ್ಸರ್, 44 ಜನರಿಗೆ ಅಂಡಾಶಯದ ಕ್ಯಾನ್ಸರ್ ಬರಬಹುದು. ಲೆಕ್ಕ ಹೆಚ್ಚಾಗಿ ಪಾಶ್ಚಾತ್ಯ ಕುಟುಂಬಗಳದ್ದು, ಅದನ್ನೂ ಹೇಳಿದೆ. ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯುವ ನಂಬಿಕಸ್ತ ಪರೀಕ್ಷೆ ಇಲ್ಲ. ದೊಡ್ಡತ್ತೆಗೆ ಆದದ್ದೂ ಅದೇ ಇರಬೇಕು, ತಡವಾಗಿ ಗೊತ್ತಾದ ಅಂಡಾಶಯದ ಕ್ಯಾನ್ಸರ್. ಹಾಗಾಗಿ ಚಿಕಿತ್ಸೆ ಮುಗಿದ ಮೇಲೆ ಅಂಡಾಶಯ ಮತ್ತು ಅಂಡನಾಳ ತೆಗೆಸುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ, ಮಕ್ಕಳಾಗಿವೆ, ವಯಸ್ಸೂ ಆಗಿದೆ, ತಡ ಮಾಡಬೇಡಿ ಎಂದೆ. ಒಲಾಪರಿಬ್ ಎಂಬ ಮಾತ್ರೆಯ ಬಗ್ಗೆಯೂ ಕೇಳಿ ಎಂದೆ. ಡಿಎನ್‌ಎಯ ಒಂದೇ ಎಳೆ ತುಂಡಾದಾಗ ರಿಪೇರಿ ಮಾಡುವ ಬೇರೊಂದು ದಾರಿಯನ್ನು ಅದು ಮುಚ್ಚುತ್ತದೆ. ಕ್ಯಾನ್ಸರ್ ಕೋಶಕ್ಕೆ ಪಕ್ಕದ ಪ್ರತಿ ನೋಡಿ ಜೋಡಿಸುವ ದಾರಿ ಆಗಲೇ ಮುಚ್ಚಿದೆ, ಹಾಗಾಗಿ ಅದು ಸಾಯುತ್ತದೆ. ಮೈಯ ಉಳಿದ ಕೋಶಗಳಲ್ಲಿ ಅಮ್ಮನ ಪ್ರತಿ ಇನ್ನೂ ಇದೆ, ಅವು ಬದುಕುತ್ತವೆ. ಇದನ್ನು ಪ್ರಯೋಗಾಲಯದಲ್ಲಿ ಮೊದಲು ತೋರಿಸಿದ್ದು 2005ರಲ್ಲಿ. ಮಾತ್ರೆ ಅವರಿಗೆ ಬೇಕೋ ಬೇಡವೋ ಎಂಬುದು ಡಾಕ್ಟರ ತೀರ್ಮಾನ.

ವನಜರ ತಂಗಿ ಪರೀಕ್ಷೆ ಮಾಡಿಸಿಕೊಂಡರು. ದೋಷ ಇರಲಿಲ್ಲ. ಕೋಣೆಯಲ್ಲಿ ಕೂತು ಜೋರಾಗಿ ಅತ್ತರು. ಸಂತೋಷಕ್ಕಲ್ಲ, ಅಕ್ಕನಿಗೆ ಮಾತ್ರ ಯಾಕೆ ಎಂದು. ಹೀಗೆ ಅಳುವವರನ್ನು ನಾನು ಬಹಳ ನೋಡಿದ್ದೇನೆ. ಅವರಿಗೂ ಒಂದು ಪೂರ್ತಿ ಗಂಟೆ ಕೊಟ್ಟೆ.

ಕಷ್ಟವಾದದ್ದು ಮಗಳ ವಿಷಯ. ಅವಳಿಗೆ 21. "ಈಗ ಸಂಬಂಧ ನೋಡ್ತಾ ಇದ್ದೇವೆ. ಇದು ಹೊರಗೆ ಗೊತ್ತಾದ್ರೆ ಯಾರು ಬರ್ತಾರೆ?" ಎಂದು ವನಜ ಕೈ ಹಿಡಿದುಕೊಂಡರು. ನಾನು ಹೇಳಿದೆ, ವರದಿ ನಿಮ್ಮದು, ನಾನು ಯಾರಿಗೂ ಹೇಳುವುದಿಲ್ಲ. ಆದರೆ ಮಗಳಿಗೆ ಹೇಳಿ. ಅವಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆ ಇವತ್ತೇ ಬೇಡ. ಅದು ಅವಳೇ ಬೇಕು ಅಂದಾಗ ಮಾತ್ರ. ದೋಷ ಇದ್ದರೆ ವರ್ಷಕ್ಕೊಮ್ಮೆ ಎಂಆರ್‌ಐ ಶುರುವಾಗುವುದು 25ಕ್ಕೆ, ಹಾಗಾಗಿ ಯೋಚಿಸಲು ಸಮಯವಿದೆ. ಹುಡುಗನಿಗೆ ಯಾವಾಗ ಹೇಳಬೇಕು ಎಂಬುದೂ ಅವಳದೇ ತೀರ್ಮಾನ. ಮುಂದಿನ ವಾರ ಅಮ್ಮ ಮಗಳು ಒಟ್ಟಿಗೆ ಬಂದರು. ಮಗಳು ಆ ವಂಶದ ಚಿತ್ರವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ತನ್ನ ವೃತ್ತದ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. "ಪರೀಕ್ಷೆ ಮುಗಿದ ಮೇಲೆ ಬರ್ತೇನೆ" ಅಂದಳು. ಅವಳು ಹೇಳಿದ್ದು ಕಾಲೇಜಿನ ಪರೀಕ್ಷೆ.

ಅಣ್ಣ ಮುಂಬಯಿಯಲ್ಲಿ ಹೋಟೆಲ್ ನಡೆಸುತ್ತಾರೆ, ಇಬ್ಬರು ಹೆಣ್ಣುಮಕ್ಕಳು. ಫೋನಿನಲ್ಲಿ ವನಜರಿಗೆ ಅವರು ಹೇಳಿದ್ದು ಇಷ್ಟೇ: ನಾನು ಗಂಡಸು, ನನಗ್ಯಾಕೆ? ಮಕ್ಕಳು ಅವರ ಅಮ್ಮನ ಬರಿ, ಅವರಿಗೂ ಇದಕ್ಕೂ ಸಂಬಂಧ ಇಲ್ಲ. ನನಗೆ ಆ ಎರಡು ಕಪ್ಪು ವೃತ್ತಗಳು ಕಣ್ಣ ಮುಂದೆ ಬಂದವು. ಅಪ್ಪನ ಕಡೆಯದು ಲೆಕ್ಕಕ್ಕಿಲ್ಲ ಎಂದುಕೊಂಡೇ ವನಜರಿಗೂ ಇಷ್ಟು ತಡವಾದದ್ದು. ಒತ್ತಾಯ ಮಾಡಬೇಡಿ ಎಂದೆ. ಮನೆಯವರಿಗೆಂದು ಕನ್ನಡದಲ್ಲಿ ಒಂದು ಪುಟದ ಪತ್ರ ಬರೆದುಕೊಟ್ಟೆ. ದೋಷದ ಹೆಸರು, ಅದು ಅಪ್ಪನಿಂದಲೂ ಬರುತ್ತದೆ ಎಂಬ ಒಂದು ಸಾಲು, ಎಲ್ಲಿ ಕೇಳಬಹುದು ಎಂಬ ವಿವರ. ಹೆದರಿಸುವ ಮಾತು ಒಂದೂ ಇರಲಿಲ್ಲ. ವನಜ ಅದನ್ನು ವಾಟ್ಸಾಪಿನಲ್ಲಿ ಅಣ್ಣನಿಗೂ ಅತ್ತಿಗೆಗೂ ಕಳಿಸಿದರು.

ಎರಡು ತಿಂಗಳ ಮೇಲೆ ಮುಂಬಯಿಯಿಂದ ಒಂದು ಕರೆ. ಅಣ್ಣನ ದೊಡ್ಡ ಮಗಳು, 24 ವರ್ಷ. ಪತ್ರವನ್ನು ಅಮ್ಮನ ಫೋನಿನಲ್ಲಿ ಓದಿದ್ದಳಂತೆ. "ಅಪ್ಪ ಮಾಡಿಸಿಕೊಳ್ಳುವುದಿಲ್ಲ ಅಂತಾರೆ. ನಾನೊಬ್ಬಳೇ ಮಾಡಿಸಬಹುದಾ?" ಮಾಡಿಸಬಹುದು ಎಂದೆ. ಆದರೆ ನಿನಗೆ ದೋಷ ಇದೆ ಎಂದು ಬಂದರೆ ಅಪ್ಪನಿಗೂ ಇದೆ ಎಂದು ತಾನಾಗಿ ಗೊತ್ತಾಗುತ್ತದೆ, ಅವರಿಗೆ ಅದು ಬೇಕಿಲ್ಲದಿದ್ದರೂ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಲೋಕಲ್ ರೈಲಿನ ಸದ್ದು ಕೇಳುತ್ತಿತ್ತು. "ಹಾಗಾದ್ರೆ ಅಪ್ಪನಿಗೆ ಹೇಳಿಯೇ ಮಾಡಿಸ್ತೇನೆ. ಚೌತಿಗೆ ಊರಿಗೆ ಬರ್ತೇವೆ. ಅವರನ್ನೂ ಕರ್ಕೊಂಡು ಬಂದ್ರೆ ನೀವು ಆ ಬಾಗಿಲಿನ ವಾಕ್ಯ ಅವರಿಗೂ ಬರೆದು ತೋರಿಸ್ತೀರಾ? ಅತ್ತೆ ಹೇಳಿದ್ರು."